ಕುಂಕುಮದ ಕಿಂಡಿಗಳು ಮತ್ತು ಹೊಳೆವ್ವ

ಮಂಗಳಾರತಿಯ ತಟ್ಟೆ ಇನ್ನೂ ನನ್ನ ಕೈಯಲ್ಲಿತ್ತು, ಗೋಡೆಯ ಮೇಲಿನ ಎಚ್ಚರಿಕೆ ಕೊಡುವ ಭೋಂಗಾ ಒದರತೊಡಗಿತು.

ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಭೋಂಗಾ ಒದರಿತೆಂದರೆ ಎರಡೇ ಅರ್ಥ. ಒಳಗಿನ ತಂಪು ಏರುಪೇರಾಗಿರಬೇಕು, ಇಲ್ಲವೇ ತಂಪು ಎಷ್ಟಿದೆ ಎಂಬ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಆದರೆ ಅಂದು ಖಂಡೆ ಪೂಜೆ, ಆಯುಧ ಪೂಜೆಯ ದಿನ. ಹಮಾಲರು, ಲಾರಿ ಡ್ರೈವರುಗಳು, ಹೊಸ ಅಂಗಿ ಹಾಕಿಕೊಂಡು ಬಂದ ದ್ರಾಕ್ಷಿ ತೋಟದವರು ಎಲ್ಲರೂ ಇದೂ ಪೂಜೆಯದೇ ಒಂದು ಭಾಗ, ಈ ಸಲ ಸಾವ್ಕಾರ್ರು ಜೋರಾಗಿ ಮಾಡಿಸಿದ್ದಾರೆ ಎಂದು ತಿಳಿದು ಕೈಮುಗಿದರು. ಒಬ್ಬ ಮುದುಕ ಭಕ್ತಿಯಿಂದ ಕಣ್ಣನ್ನೂ ಮುಚ್ಚಿದ. ನಾನು ಆರತಿ ನಡುವೆ ಬಿಡುವಂತಿರಲಿಲ್ಲ, ಭೋಂಗಾ ನಿಲ್ಲಿಸುವುದು ಹೇಗೆಂದೂ ಗೊತ್ತಿರಲಿಲ್ಲ. ಹೀಗಾಗಿ ತಟ್ಟೆಯನ್ನು ಭೋಂಗಾದ ಕಡೆಗೂ ಒಮ್ಮೆ ಬೆಳಗಿದೆ.

ವಿಜಯಪುರದಿಂದ ಬಂದರೆ ಟಿಕೋಟಾ ಇನ್ನೂ ಸ್ವಲ್ಪ ದೂರ ಇರುವಾಗ ಅಥಣಿ ರಸ್ತೆಗೆ ಮುಖ ಮಾಡಿ ನಿಂತಿರುವ ಈ ಕೋಲ್ಡ್ ಸ್ಟೋರೇಜು ಶಿವಯೋಗೆಪ್ಪ ಸಾವ್ಕಾರ್ರದು. ನಾನು ಇಲ್ಲಿಯ ಮ್ಯಾನೇಜರು. ಹಾಗೆಂದು ನನ್ನ ಬಾಗಿಲ ಮೇಲೆ ಬರೆದಿದೆ. ಯಾರಾದರೂ ಅದನ್ನು ಓದಿದ ಲಕ್ಷಣ ಮಾತ್ರ ಇದುವರೆಗೆ ಕಂಡಿಲ್ಲ. ಖಂಡೆ ಪೂಜೆ ಬಂತೆಂದರೆ ನನಗೆ ಒಂದು ಸಂಕಟ. ಒಕ್ಕಲಿಗ ನೇಗಿಲು ತೊಳೆಯುತ್ತಾನೆ, ಡ್ರೈವರು ಗಾಡಿ ತೊಳೆಯುತ್ತಾನೆ, ಬಡಿಗ ಉಳಿ ತೊಳೆಯುತ್ತಾನೆ. ಕುರ್ಚಿಯಲ್ಲಿ ಕೂಡುವವನು ಏನು ತೊಳೆಯಬೇಕು? ಹೋದ ವರ್ಷ ಪೆನ್ನಿಗೆ ಪೂಜೆ ಮಾಡಿ ಹಮಾಲರಿಗೆ ನಗಲು ಕಾರಣ ಒದಗಿಸಿದ್ದೆ. ಈ ವರ್ಷ ನನ್ನ ಕಣ್ಣು ಮೂಲೆಯ ಗೂಡಿನಲ್ಲಿದ್ದ ನೆಟ್‌ವರ್ಕ್ ಸ್ವಿಚ್ಚಿನ ಮೇಲೆ ಬಿತ್ತು.

ಅದೊಂದು ಅಗಲವಾದ ಕಬ್ಬಿಣದ ಪೆಟ್ಟಿಗೆ. ಮುಂದೆ ಸಾಲಾಗಿ ಕಿಂಡಿಗಳು, ಕಿಂಡಿಗೊಂದು ವಾಯರು, ಪ್ರತಿ ವಾಯರಿನ ನೆತ್ತಿಯ ಮೇಲೆ ಮಿಣುಕುವ ಹಸಿರು ದೀಪ. ಗೇಟಿನ ಕ್ಯಾಮೆರಾ, ತೂಕದ ಕಾಟಾ, ತಂಪು ಅಳೆಯುವ ಯಂತ್ರಗಳು, ಹರಾಜು ನಡೆಸುವ ಕಂಪ್ಯೂಟರುಗಳು, ಎಲ್ಲವುಗಳ ಮಾತೂ ಈ ಪೆಟ್ಟಿಗೆಯ ಮೂಲಕವೇ ಹಾಯಬೇಕು. ಇದಕ್ಕಿಂತ ದೊಡ್ಡ ಆಯುಧ ಯಾವುದೆಂದು ಎಲ್ಲ ವಾಯರುಗಳನ್ನೂ ಕಿತ್ತೆ. ಅವುಗಳಿಗೆ ಧೂಳು ಹಿಡಿದು ಕರ್ರಗಾದ ಚೀಟಿಗಳು ಅಂಟಿಕೊಂಡಿದ್ದವು. ದೇವರ ಮುಂದೆ ಇದೆಂಥ ಹೊಲಸು ಎಂದು ಒಂದನ್ನೂ ಬಿಡದೆ ಸುಲಿದು ಒಗೆದೆ. ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಪ್ರತಿ ಕಿಂಡಿಯ ಮೇಲೂ ಕುಂಕುಮದ ಬೊಟ್ಟಿಟ್ಟು, ಚೆಂಡು ಹೂವಿನ ಹಾರ ಹಾಕಿದೆ. ಆಮೇಲೆ ವಾಯರುಗಳನ್ನು ಬಣ್ಣ ನೋಡಿ ಮರಳಿ ಸಿಕ್ಕಿಸಿದೆ. ನೀಲಿಯವು ಒಂದು ಕಡೆ, ಬೂದಿ ಬಣ್ಣದವು ಇನ್ನೊಂದು ಕಡೆ, ನಡುವೆ ಹಳದಿ. ಇಳಕಲ್ ಸೀರೆಯ ಸೆರಗಿನಂತೆ ಕಾಣುತ್ತಿತ್ತು. ಫೋಟೋ ತೆಗೆದು ಬೀಗರಿಗೂ ಕಳಿಸಿದೆ.

ಯಾವ ಕಿಂಡಿಗೆ ಯಾರು ಬರಬೇಕೆಂದು ಆ ಪೆಟ್ಟಿಗೆಗೆ ಮೊದಲೇ ಹೇಳಿ ಇಟ್ಟಿರುತ್ತಾರೆ, ಕ್ಯಾಮೆರಾದ ಕಿಂಡಿಯಲ್ಲಿ ಕಾಟಾ ಬಂದು ಕೂತರೆ ಅದು ಮಾತಾಡಿಸುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಭೋಂಗಾ ಒದರಿದ ಮೇಲೆ. ಆ ಹೊಲಸು ಚೀಟಿಗಳು ಯಾವ ವಾಯರು ಯಾರದೆಂದು ಹೇಳುವ ಚೀಟಿಗಳು ಎಂಬುದೂ ಆಗಲೇ ತಿಳಿಯಿತು.

ಶಿವಯೋಗೆಪ್ಪನವರು ತಾವೇ ಕುರ್ಚಿ ಹತ್ತಿ ಭೋಂಗಾ ನಿಲ್ಲಿಸಿದರು. ಇಳಿದು ಬಂದು ಹಾರ ಹಾಕಿದ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು.

"ಸರ, ನೀವು ಇದರ ಪೂಜಾ ಮಾಡೀರೋ, ತಿಥಿ ಮಾಡೀರೋ?"

ಮರುದಿನ ವಿಜಯದಶಮಿ. ಅದರ ಮರುದಿನ ಹರಾಜು. ದೀಪಾವಳಿ ಮುಂದಿರುವಾಗಿನ ಹರಾಜು ಅದು. ದೂರದೂರದ ವ್ಯಾಪಾರಿಗಳು ಕಂಪ್ಯೂಟರಿನಲ್ಲೇ ದರ ಕೂಗುತ್ತಾರೆ. ಹುಬ್ಬಳ್ಳಿಯ ಕಂಪನಿಗೆ ಫೋನು ಮಾಡಿದರೆ ಹಬ್ಬ ಮುಗಿಯಲಿ ಎಂದರು. ಕೊನೆಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಇಸಾಕನನ್ನು ಹಿಡಿದೆ. "ನಮ್ಮ ಹೊಳೆವ್ವನ್ನ ಕಳಸ್ತೇನ್ರಿ," ಎಂದ. ಹೆಸರು ಕೇಳಿ ನನ್ನ ಕಣ್ಣ ಮುಂದೆ ಎಲೆಅಡಿಕೆ ಚೀಲ ಹಿಡಿದ ಒಬ್ಬ ಅಜ್ಜಿ ಬಂದು ನಿಂತಳು.

ಬೆಳಿಗ್ಗೆ ಬಂದವಳು ಮೂವತ್ತರ ಈಚೆಯ ಹೆಣ್ಣುಮಗಳು. ಗಂಡ ಶಿವಾಜಿ ಬಬಲೇಶ್ವರದ ಜೀಪು ಓಡಿಸುವವನು; ಜೀಪಿನ ನೆತ್ತಿಯಿಂದ ಏಣಿ ಇಳಿಸಿಕೊಟ್ಟು ಹೋದ. ಅವಳು ಮೊದಲು ನನ್ನ ಕೈಗೆ ಬನ್ನಿ ಎಲೆ ಕೊಟ್ಟು ನಮಸ್ಕಾರ ಮಾಡಿದಳು. ಆಮೇಲೆ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು.

"ಹಾರ ತಗೀಲೇನ್ರಿ ಸರ, ಇನ್ನೂ ಏನರೆ ಬಾಕಿ ಐತ್ರಿ?"

ಹೊಳೆವ್ವ ಎಂಬುದು ಅವಳಿಗೆ ಇಟ್ಟ ಅಜ್ಜಿಯ ಹೆಸರು. ಬಬಲೇಶ್ವರದ ಹತ್ತಿರ ಕುರಿ ಸಾಕಿದ ಮನೆತನ. ಈ ಹೆಸರಿನಲ್ಲಿ ಕಂಪ್ಯೂಟರಿನ ಕೆಲಸ ನಡೆಯುವುದಿಲ್ಲ, ಬದಲಿಸಿಕೋ ಎಂದು ಐಟಿಐ ಓದುವಾಗ ಗೆಳತಿಯರು ಹೇಳಿದ್ದರಂತೆ. ಅಜ್ಜಿ ಇನ್ನೂ ಗಟ್ಟಿಯಾಗಿದ್ದಾಳೆ, ಅವಳನ್ನು ಕೇಳಿ ಬದಲಿಸುತ್ತೇನೆ ಎಂದು ಇವಳು ಹೇಳಿದ್ದಳು. ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಇಸಾಕನ ಅಂಗಡಿಗೆ ಸೇರಿದ ಹೊಸದರಲ್ಲಿ ಪೇಟೆಯ ಹಳೆಯ ಮನೆಗಳ ಅಟ್ಟ ಹತ್ತಿ ವಾಯರು ಎಳೆಯುವಾಗ ಕೆಳಗಿನಿಂದ, "ಗಂಡಸರು ಯಾರೂ ಬಂದಿಲ್ಲೇನು ಬೇ?" ಎಂದು ಕೇಳುತ್ತಿದ್ದರಂತೆ. "ಬಂದಾರ್ರಿ, ಕೆಳಗ ಏಣಿ ಹಿಡಕೊಂಡಾರ," ಎನ್ನುತ್ತಿದ್ದಳಂತೆ. ಏಣಿ ಹಿಡಿದವನು ಇಸಾಕ.

ಶಿವಯೋಗೆಪ್ಪನವರು ಬಂದು ಮಾತು ನೇರವಾಗಿಯೇ ಹೇಳಿದರು. "ನಾಳಿನ ಹರಾಜಿನೊಳಗ ಎಲ್ಲಾ ನೆಟ್ಟಗಾತು ಅಂದ್ರ, ಇದೂ, ನನ್ನ ಬ್ಯಾರೆ ಗೋಡಾವನ್‌ಗೋಳೂ ವರ್ಷಾನಗಟ್ಟಲೆ ನೀನ ನೋಡ್ಕೊ. ಆಗಲಿಲ್ಲಂದ್ರ ಹುಬ್ಬಳ್ಳಿಯವರು ಅದಾರ."

"ಆತ್ರಿ ಸಾವ್ಕಾರ್ರ," ಎಂದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಆದರೆ ಅವರು ಆಚೆ ಹೋದ ಮೇಲೆ ಇಕ್ಕಳವನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತದ್ದನ್ನು ನೋಡಿದೆ. ಕೇಳಿದ್ದಕ್ಕೆ ಹೇಳಿದಳು. ಟಿಕೋಟಾ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಒಂದು ಅಂಗಡಿ ನೋಡಿದ್ದಾಳೆ. ಇಸಾಕನೂ ಹೋಗು ತಂಗಿ, ನಿನ್ನದೇ ಮಾಡಿಕೋ ಎಂದಿದ್ದಾನೆ. ಆದರೆ ವರ್ಷಪೂರ್ತಿ ಖಾತ್ರಿಯ ಕೆಲಸ ಒಂದು ಕೈಯಲ್ಲಿಲ್ಲದೆ ಅಂಗಡಿ ಹಿಡಿಯುವುದು ಹೇಗೆ? ಬೋರ್ಡು ಮಾತ್ರ ಬರೆಸಿ ಇಟ್ಟು ಬಹಳ ದಿನವಾಯಿತು.

"ಎಲ್ಲಿಟ್ಟೀ ಬೋರ್ಡ್?"

"ಕುರಿಮರಿ ದೊಡ್ಡಿಗೆ ಬಾಗಲಾ ಇರಲಿಲ್ರಿ ಸರ," ಎಂದಳು. "ಈಗ ಐತಿ."

ಕೆಲಸ ಶುರುವಾಯಿತು. ತಪ್ಪು ಮಾಡಿದವನಿಗೆ ಸಲಹೆ ಕೊಡುವ ಚಪಲ ಹೆಚ್ಚು. "ಒಂದೊಂದ ವಾಯರ್ ಕಿತ್ತು, ಯಾರು ಒದರ್ತಾರ ನೋಡಿದ್ರ?" ಎಂದೆ.

"ಅದನ್ನ ನಿನ್ನೆ ನೀವು ಮಾಡೀರಲ್ರಿ."

ತನ್ನ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ ನೋಡಿದಳು. ಯಾವ ಕಿಂಡಿ ಕ್ಯಾಮೆರಾಕ್ಕೆ, ಯಾವುದು ತಂಪಿನ ಯಂತ್ರಕ್ಕೆ ಎಂಬುದು ಅಲ್ಲಿ ಕಂಡಿತು. ಒಂದೊಂದು ವಾಯರಿನ ಆಚೆ ತುದಿಯಲ್ಲಿರುವ ಯಂತ್ರದ ಉದ್ದನೆಯ ಸಂಖ್ಯೆಯೂ ಕಂಡಿತು. ಆದರೆ ಯಾವ ಸಂಖ್ಯೆ ಯಾವ ಯಂತ್ರದ್ದೆಂದು ಯಾರೂ ಎಲ್ಲಿಯೂ ನೆನಪಿಟ್ಟಿರಲಿಲ್ಲ. ವಾಯರುಗಳೋ, ಒಟ್ಟಾಗಿ ಗೋಡೆಯೊಳಗೆ ಹೊಕ್ಕು ಮಾಯವಾಗಿದ್ದವು.

"ಎಲ್ಲಾನೂ ಬಂದ್ ಮಾಡೋಣ್ರಿ," ಎಂದಳು ಹೊಳೆವ್ವ. "ಆಮ್ಯಾಲ ಒಂದೊಂದ ಚಾಲೂ ಮಾಡೂದು. ಯಾವ ದೀಪ ಎದ್ದಿತೋ ಅದು ಅದರ ವಾಯರು."

ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ. ಪುಸ್ತಕದಲ್ಲಿ ಇರಬಹುದು, ತಾನು ನೋಡಿದ್ದು ಮನೆಯಲ್ಲಿ ಎಂದಳು. ಸಂಜೆ ಕುರಿ ಮೇಯ್ದು ಬಂದಾಗ ದೊಡ್ಡಿಯೊಳಗಿನ ಮರಿಗಳನ್ನು ಒಮ್ಮೆಗೇ ಬಿಟ್ಟರೆ ಎಲ್ಲವೂ ಒದರಿ, ಯಾರ ಮರಿ ಯಾರ ಕೆಚ್ಚಲಿಗೆ ಬಾಯಿ ಹಾಕಿತೆಂದು ತಿಳಿಯುವುದಿಲ್ಲ. ಅಜ್ಜಿ ಬಾಗಿಲಲ್ಲಿ ಕೂತು ಒಂದೊಂದನ್ನೇ ಬಿಡುತ್ತಿದ್ದಳು. "ಮರಿ ಒದರತೈತಿ, ತಾಯಿ ತಿರುಗಿ ನೋಡತೈತಿ. ನಾವು ಬರೇ ನೋಡೂದರಿ."

ಯಂತ್ರಗಳನ್ನೆಲ್ಲ ಬಂದ್ ಮಾಡಿದೆವು. ತಂಪು ಮಾಡುವ ದೊಡ್ಡ ಮೋಟಾರುಗಳು ತಮ್ಮ ಪಾಡಿಗೆ ನಡೆದಿದ್ದವು, ದ್ರಾಕ್ಷಿಗೆ ಭಯವಿರಲಿಲ್ಲ. ಪೆಟ್ಟಿಗೆಯ ಮೇಲಿನ ಹಸಿರು ದೀಪಗಳು ಒಂದೊಂದೇ ಆರಿದವು. ಕೊನೆಗೆ ಒಂದು ಉಳಿಯಿತು. ಎಲ್ಲರೂ ಮಲಗಿದ ಮೇಲೂ ಅದು ಮಿಣಕ್ ಮಿಣಕ್ ಎನ್ನುತ್ತಲೇ ಇತ್ತು.

ಹೊಳೆವ್ವ ಅದನ್ನು ನೋಡಿ ನನ್ನ ಕಡೆ ತಿರುಗಿದಳು. "ಈ ಕಿಂಡಿ ಕೆಟ್ಟೈತ್ರಿ. ಒದ್ದಿ ಅರಿವಿ ತಗೊಂಡು ಒರಸೀರಲ್ಲ, ಒಳಗ ನೀರು ಹೋಗಿರಬೇಕು. ಇಲ್ಲಾ ನಿಮ್ಮ ಕುಂಕುಮ." ಪೆಟ್ಟಿಗೆಯನ್ನೇ ಬದಲಿಸಬೇಕಾದೀತು ಎಂದಳು. ಹಬ್ಬದ ದಿನ ಹೊಸ ಪೆಟ್ಟಿಗೆ ಎಲ್ಲಿ ಸಿಗಬೇಕು? ನಾನು ಮನಸ್ಸಿನಲ್ಲೇ ರಾಜೀನಾಮೆಯ ಮೊದಲ ಸಾಲು ಬರೆದುಕೊಂಡೆ. ಅಷ್ಟರಲ್ಲಿ ಅವಳಿಗೆ ಏನೋ ಹೊಳೆದು ಆ ವಾಯರನ್ನು ಕಿತ್ತು ಬೇರೆ ಕಿಂಡಿಗೆ ಹಾಕಿದಳು. ಅಲ್ಲಿಯೂ ದೀಪ ಎದ್ದಿತು.

"ನಂದ ತಪ್ಪಾತ್ರಿ ಸರ. ಪೆಟಗಿ ಚಲೋ ಐತಿ. ಈ ವಾಯರಿನ ತುದಿಗೆ ಯಾರೋ ಎಚ್ಚರ ಅದಾರ." ಆ ವಾಯರನ್ನು ಬದಿಗೆ ಸರಿಸಿ, "ಇರಲಿ, ಮಲಗಿದವರನ್ನ ಮೊದಲ ಎಬ್ಬಸೋಣ," ಎಂದಳು.

ಎಬ್ಬಿಸುವ ಕೆಲಸ ಮ್ಯಾನೇಜರನ ಪಾಲಿಗೆ ಬಂತು. ಅವಳು ಪೆಟ್ಟಿಗೆಯ ಮುಂದೆ, ನಾನು ಫೋನು ಕಿವಿಗೊತ್ತಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ.

"ಸರ, ಕಾಟಾ ಚಾಲೂ ಮಾಡ್ರಿ."

"ಮಾಡಿದೆ."

"ಇಲ್ರಿ."

"ಮಾಡೇನವ್ವಾ, ಬಟನ್ ಒತ್ತೇನಿ."

"ಹಂಗಾದ್ರ ಫ್ಯಾನ್ ತಿರಗಾಕತ್ತಿರಬೇಕು, ನೋಡ್ರಿ."

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ತಂಪು ಕೋಣೆಗಳಿಗೆ ಹೋಗುವಾಗ ಗೇಟು ಕಾಯುವ ರಮಜಾನನ ಕಂಬಳಿ ಹೊದ್ದುಕೊಂಡು ಹೋದೆ. ಒಣದ್ರಾಕ್ಷಿ ಪೆಟ್ಟಿಗೆಗಳ ನಡುವೆ ನನ್ನ ಹಲ್ಲು ಕಟಕಟ ಎನ್ನುವುದನ್ನು ಕೇಳಿ ಅವಳು, "ಸರ, ಅಲ್ಲಿ ಏನೋ ಯಂತ್ರ ಸಪ್ಪಳಾ ಮಾಡಾಕತ್ತೇತಲ್ರಿ," ಎಂದಳು. ಹೀಗೆ ನಾನು ಓಡಿದಂತೆಲ್ಲ ಅಲ್ಲಿ ಒಂದೊಂದು ದೀಪ ಏಳುತ್ತಿತ್ತು. ಅವಳು ಆ ವಾಯರನ್ನು ಅದರ ಕಿಂಡಿಗೆ ಸೇರಿಸಿ, ಕುತ್ತಿಗೆಗೊಂದು ಪ್ಲಾಸ್ಟಿಕ್ ಚೀಟಿ ಕಟ್ಟಿ, ಹೆಸರು ಬರೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾಗಳಿಗೆ ಕಣ್ಣು ಬಂದಿತ್ತು, ಕಾಟಾ ತೂಕ ಹೇಳುತ್ತಿತ್ತು, ಭೋಂಗಾ ತಣ್ಣಗಿತ್ತು. ಉಳಿದದ್ದು ಆ ಹೆಸರಿಲ್ಲದ ವಾಯರೊಂದೇ.

ಶಿವಯೋಗೆಪ್ಪನವರು ಊಟ ಮುಗಿಸಿ ಬಂದವರು ಅದನ್ನು ಕೇಳಿ ಕೆಂಡವಾದರು. "ಯಾವನೋ ಕಳ್ಳ ವಾಯರ್ ಎಳದಾನ. ಹರಾಜಿನ ರೇಟು ಹೊರಗ ಹೋಗಾಕತ್ತಾವ. ಕತ್ತರಿಸಿ ಒಗಿ ಅದನ್ನ."

"ಯಾರದಂತ ತಿಳೀಲಾರದ ಕತ್ತರಸೂದಿಲ್ರಿ ಸಾವ್ಕಾರ್ರ."

"ಗೋಡಾವನ್ ನಂದು."

"ನಿಮ್ದ್ರಿ. ಚೀಟಿ ಬರಿಯಾಕಿ ನಾನು. ಏನಂತ ಬರೀಲಿ?"

"ಹುಬ್ಬಳ್ಳಿಯವರಿಗೆ ಫೋನ್ ಹಚ್ಚಲೇನು?"

ಇಕ್ಕಳ ಮತ್ತೆ ಕೈಯಿಂದ ಕೈಗೆ ಹೋಯಿತು. ಟಿಕೋಟಾದ ಅಂಗಡಿ ಅಷ್ಟು ಹತ್ತಿರ ಬಂದು ನಿಂತಿತ್ತು. ಒಂದು ಸಲ ಇಕ್ಕಳ ಒತ್ತಿದರೆ ಅದು ಅವಳದೇ. ನಾನು ಹಿಂದಿನಿಂದ ಕಣ್ಣುಸನ್ನೆ ಮಾಡಿದೆ, ಕತ್ತರಿಸಿಬಿಡು ತಾಯಿ ಎಂದು. ಅವಳು ನೋಡಲಿಲ್ಲ.

"ಹಚ್ರಿ," ಎಂದಳು. "ಅವರು ಬರೂತನಕ ನಾ ಈ ವಾಯರ್ ಹಿಂದ ಹೊಂಟಿರ್ತೇನಿ."

ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಎತ್ತಿಕೊಂಡಳು. ಅವಳ ಬಳಿ ವಾಯರಿನ ಜಾಡು ಹಿಡಿಯುವ ಒಂದು ಪುಟ್ಟ ಯಂತ್ರವಿತ್ತು. ಅದರ ಒಂದು ತುಂಡನ್ನು ವಾಯರಿಗೆ ಕಚ್ಚಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಗೋಡೆಯುದ್ದಕ್ಕೂ ನಡೆದರೆ, ವಾಯರು ಇದ್ದಲ್ಲಿ ಅದು ಕುಂಯ್ ಎನ್ನುತ್ತದೆ. ಕುಂಯ್ ಎಂದದ್ದು ಕಿಟಕಿ ದಾಟಿ ಹೊರಗೆ ಬಂತು. ಅವಳ ಹಿಂದೆ ನಾನು, ನನ್ನ ಹಿಂದೆ ಕಳ್ಳನನ್ನು ಹಿಡಿಯಲು ತೋಳೇರಿಸಿದ ಸಾವ್ಕಾರ್ರು.

ಅಷ್ಟು ಹೊತ್ತು ಗೇಟಿನಲ್ಲಿ ಆರಾಮವಾಗಿ ಕೂತಿದ್ದ ರಮಜಾನ ಎದ್ದು ಬಂದ. "ಚಾ ತರ್ಲೇನ್ರಿ?" ಎಂದ. ಬೇಡ ಎಂದೆವು. "ಆ ಕಡೆ ಹೋಗಬ್ಯಾಡ್ರಿ, ಹಾವು ಐತಿ," ಎಂದ. ಎಷ್ಟು ದೊಡ್ಡದು ಎಂದು ಹೊಳೆವ್ವ ಕೇಳಿದಳು. ರಮಜಾನ ಎರಡೂ ಕೈ ಚಾಚಿ ಅಳತೆ ತೋರಿಸಿದ. ಅವಳು ಆ ಕಡೆಗೇ ನಡೆದಳು. ವಾಯರು ಬೇವಿನ ಮರದ ಟೊಂಗೆಯ ಮೇಲೆ ಹಾಯ್ದು, ದ್ರಾಕ್ಷಿ ಒಣಗಿಸುವ ಚಪ್ಪರದ ಹಸಿರು ಬಲೆಯ ಅಂಚು ಹಿಡಿದು, ಹಿಂದಿನ ಗೋಡೆ ದಾಟಿ ಒಂದು ಮನೆಯ ಅಂಗಳಕ್ಕೆ ಇಳಿದಿತ್ತು. ಕಳ್ಳನ ಮನೆಯ ಬಾಗಿಲಿಗೆ ಬಂದು ಸಾವ್ಕಾರ್ರು ಚಪ್ಪಲಿ ಬಿಟ್ಟರು. ಅದು ಅವರದೇ ಮನೆ.

ಒಳಕೋಣೆಯಲ್ಲಿ ಅವರ ತಾಯಿ ಮುರಿಗೆವ್ವ ಮಂಚದ ಮೇಲೆ ಕೂತಿದ್ದರು. ಎದುರಿಗೆ ಟಿವಿ. ಟಿವಿಯ ಮಗ್ಗುಲಲ್ಲಿ ಎಲೆಅಡಿಕೆ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದಕ್ಕೆ ನಮ್ಮ ವಾಯರು. ತೆರೆಯ ಮೇಲೆ ಬರೀ ನೀಲಿ ಬಣ್ಣ. ಮುದುಕಿ ನಮ್ಮನ್ನು ನೋಡಿ ಮುಖ ತಿರುಗಿಸಿದರು.

"ನಿನ್ನೆ ಕಿತ್ತೀರಿ. ಇವತ್ತ ಮಾರಿ ತೋರಸಾಕ ಬಂದೀರಿ."

"ಯವ್ವಾ, ಇದೇನಿದು?" ಎಂದರು ಸಾವ್ಕಾರ್ರು.

"ಗೇಟು. ನಿನ್ನೆತನಕ ಕಾಣತಿತ್ತು."

ಸಂಗತಿ ಇಷ್ಟು. ಮೊದಲು ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಕೂತು ಬರುವ ಗಾಡಿ, ಬರುವ ಮಂದಿಯನ್ನೆಲ್ಲ ಮಾತಾಡಿಸುತ್ತಿದ್ದವರು ಇವರೇ. ಮೊಣಕಾಲು ಹಿಡಿದ ಮೇಲೆ ಮಗ ಒಳಗೆ ಕೂಡಿಸಿದ್ದ. ಆಗ ಕ್ಯಾಮೆರಾ ಹಾಕಲು ಬಂದವನಿಗೆ ರೊಟ್ಟಿ, ಶೇಂಗಾ ಚಟ್ನಿ ಉಣ್ಣಲಿಕ್ಕಿ, ಗೇಟಿನ ಚಿತ್ರ ತನ್ನ ಟಿವಿಗೂ ಬರುವಂತೆ ಮಾಡಿಸಿಕೊಂಡಿದ್ದರು. ಅಂದಿನಿಂದ ಯಾವ ಡ್ರೈವರು ದಣಿದು ಬಂದ, ಯಾವ ತೋಟದವರ ಸೊಸೆ ಕೂಸು ಎತ್ತಿಕೊಂಡು ಬಿಸಿಲಲ್ಲಿ ನಿಂತಳು ಎಂದು ಇಲ್ಲಿಂದಲೇ ನೋಡಿ ರಮಜಾನನಿಗೆ ಫೋನು. ಅವನು ಚಹಾ, ನೀರು, ನೆರಳಲ್ಲಿ ಒಂದು ಕುರ್ಚಿ ಒದಗಿಸುತ್ತಿದ್ದ. ಯಾರಿಗೂ ಹೇಳಬಾರದೆಂದು ಅವನಿಂದ ಆಣೆ ಹಾಕಿಸಿದ್ದರು. ನಮ್ಮ ಗೇಟಿನ ಉಪಚಾರ ಸುತ್ತಲಿನ ಯಾವ ಕೋಲ್ಡ್ ಸ್ಟೋರೇಜಿನಲ್ಲೂ ಇಲ್ಲ ಎಂದು ತೋಟದವರು ನನ್ನೆದುರಿಗೆ ಹೊಗಳಿದಾಗಲೆಲ್ಲ ನಾನು ವಿನಯದಿಂದ ತಲೆಬಾಗುತ್ತಿದ್ದೆ. ಅದು ನನ್ನ ಆಡಳಿತ ಎಂದು ನಿನ್ನೆಯವರೆಗೂ ನಂಬಿದ್ದೆ.

"ನನಗೊಂದು ಮಾತು ಹೇಳಬಾರದಿತ್ತೇನು ಯವ್ವಾ?"

"ಒಳಗ ಕೂಡು ಅಂದಿ, ಕುಂತೀನಿ. ನೋಡಬ್ಯಾಡ ಅಂದಿದ್ದಿಲ್ಲ."

ಸಾವ್ಕಾರ್ರು ಮಂಚದ ಅಂಚಿಗೆ ಕೂತರು. ಹೊಳೆವ್ವ ಆ ವಾಯರನ್ನು ಅದರ ಕಿಂಡಿಗೆ ಸೇರಿಸಲು ಆಗಲೇ ಆಫೀಸಿಗೆ ಹೊರಟಿದ್ದಳು. ಸ್ವಲ್ಪ ಹೊತ್ತಿನಲ್ಲಿ ಟಿವಿ ಕಣ್ಣು ಮಿಟುಕಿಸಿ, ನಮ್ಮ ಗೇಟು, ಅದರಾಚೆ ರಸ್ತೆ, ರಮಜಾನನ ಖಾಲಿ ಕುರ್ಚಿ ಕಂಡವು. ಮುದುಕಿ ಮುಂದಕ್ಕೆ ಬಾಗಿದರು.

"ಗೇಟಿನ್ಯಾಗ ಯಾರೂ ಇಲ್ಲಲ್ಲೋ. ರಮಜಾನ ಎಲ್ಲಿ ಹೋಗ್ಯಾನ?"

ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ರಮಜಾನ ಓಡಿದ. ಮುಂದಿನ ಕ್ಷಣದಲ್ಲಿ ಟಿವಿಯಲ್ಲಿ ಪ್ರತ್ಯಕ್ಷನಾಗಿ, ಏದುಸಿರು ಬಿಡುತ್ತ ಕ್ಯಾಮೆರಾಕ್ಕೆ ಸಲಾಮು ಹೊಡೆದ.

ನಾವು ಆಫೀಸಿಗೆ ಬಂದಾಗ ಹೊಳೆವ್ವ ಕೊನೆಯ ಚೀಟಿ ಕಟ್ಟಿ ಮುಗಿಸಿದ್ದಳು. ಸಾವ್ಕಾರ್ರು ಕನ್ನಡಕ ಹಾಕಿಕೊಂಡು ಓದಿದರು. 'ಮುರಿಗೆವ್ವ ಆಯಿ' ಎಂದಿತ್ತು. ಓದಿ, ಹೊಳೆವ್ವನನ್ನು ನೋಡಿ, ಕನ್ನಡಕ ಜೇಬಿಗಿಟ್ಟು ಹೋದರು. ಅಂಗಡಿ ಸಿಕ್ಕಿತೋ ಇಲ್ಲವೋ ತಿಳಿಯದ ಅವಳು ಏಣಿ ಕಟ್ಟುವಾಗ ಹಗ್ಗದ ಗಂಟು ಎರಡು ಸಲ ಬಿಚ್ಚಿಕೊಂಡಿತು. ಶಿವಾಜಿಯ ಜೀಪು ಬಂತು, ಹೋದಳು.

ಮರುದಿನ ಹರಾಜು ಒಂದು ತೊಡಕೂ ಇಲ್ಲದೆ ನಡೆಯಿತು. ದರ ಚೆನ್ನಾಗಿಯೇ ಏರಿತು. ನಾನು ದಿನವಿಡೀ ಪೆಟ್ಟಿಗೆಯಿಂದ ದೂರ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸಂಜೆ ಸಾವ್ಕಾರ್ರು ಚಹಾ ಕುಡಿಯುತ್ತ ಹೇಳಿದರು.

"ಸರ, ಹುಬ್ಬಳ್ಳಿಯವರಿಗೆ ಫೋನ್ ಮಾಡ್ರಿ. ಹಬ್ಬ ಆರಾಮ ಮಾಡ್ರಿ, ಗಡಿಬಿಡಿ ಮಾಡಿ ಬರೂದು ಬ್ಯಾಡ ಅಂತ ಹೇಳ್ರಿ. ಯಾವಾಗೂ ಬ್ಯಾಡ." ಕಪ್ಪು ಕೆಳಗಿಟ್ಟು, "ಆ ಹುಡುಗಿಗೂ ಹೇಳ್ರಿ," ಎಂದರು.

ಹೇಳಿದೆ. ಫೋನಿನ ಆ ತುದಿಯಲ್ಲಿ ಕುರಿಗಳು ಒದರುತ್ತಿದ್ದವು. "ಆತ್ರಿ ಸರ," ಎಂದಳು. ಈ ಸಲ ಧ್ವನಿ ಸ್ವಲ್ಪ ಏರಿತ್ತು.

ದೀಪಾವಳಿಯ ಪಾಡ್ಯದ ದಿನ ಟಿಕೋಟಾ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಬೋರ್ಡು ಏರಿತು: 'ಹೊಳೆವ್ವ ನೆಟ್‌ವರ್ಕ್ಸ್'. ಕೆಳಗಿನ ಒಂದು ಮೂಲೆಯನ್ನು ಮರಿಗಳು ಕಡಿದಿದ್ದವು; ಬಣ್ಣ ಯಾಕೆ ಬಳಿಸಲಿಲ್ಲ ಎಂದು ಕೇಳಿದರೆ, ಬೋರ್ಡು ಹೊಸದೇನಲ್ಲವಲ್ಲ ಎಂದಳು. ಮರಿಗಳಿಗೆ ಶಿವಾಜಿ ತಗಡಿನ ಬಾಗಿಲು ಮಾಡಿಕೊಟ್ಟಿದ್ದಾನೆ. ಇಸಾಕ ಅಭ್ಯಾಸಬಲದಿಂದ ಏಣಿ ಹಿಡಿದುಕೊಂಡು ನಿಂತಿದ್ದ. ಮುರಿಗೆವ್ವ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಗನ ಕಾರಿನಲ್ಲಿ ಬಂದು, ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಹೋಗುವ ಬರುವವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಹೆಸರಿನ ಒಡತಿಯಾದ ಅಜ್ಜಿಯೂ ಬಂದಿದ್ದಳು, ಬೋರ್ಡು ತನ್ನದೇ ಎಂಬಂತೆ ಅದರ ಕೆಳಗೆ ಕೂತಿದ್ದಳು.

ಒಳಗೆ ಮೇಜಿನ ಮೇಲೆ ಹೊಚ್ಚಹೊಸ ಸ್ವಿಚ್ಚೊಂದು ಇತ್ತು. ಹಿರಿಯನೆಂದು ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿದ್ದರು. ಒಮ್ಮೆ ಸುಟ್ಟುಕೊಂಡ ಕೈ. ಕುಂಕುಮದ ಬಟ್ಟಲಲ್ಲಿ ಬೆರಳು ಅದ್ದಿ ಹಾಗೇ ನಿಂತೆ.

"ಹೊಳೆವ್ವಾ, ಕುಂಕುಮ ಎಲ್ಲಿ ಹಚ್ಚಲಿ?"

ಅವಳು ಪೆಟ್ಟಿಗೆಯನ್ನು ನೋಡಿದಳು, ಕಿಂಡಿಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಿಮ್ಮ ಹಣಿಗೆ ಹಚ್ಕೋರಿ ಸರ. ಅಲ್ಲಿಗೆ ಯಾವ ವಾಯರೂ ಬಂದಿಲ್ಲ."